ಅಮ್ಮನ ಮೇಲೆ ಹನ್ನೆರಡು ದೂರು

ನಮ್ಮ ಮನೆಯಲ್ಲಿ ದಂಗೆ ಶುರುವಾದದ್ದು ಮಿಠಾಯಿಯಿಂದ. ಸ್ವೀಡನ್ನಿನ ಮಕ್ಕಳಿಗೆ ಮಿಠಾಯಿ ವಾರಕ್ಕೊಮ್ಮೆ, ಶನಿವಾರ ಮಾತ್ರ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಡಬ್ಬಗಳಿಂದ ಬೇಕಾದ್ದನ್ನು ಎತ್ತಿ ಕಾಗದದ ಚೀಲಕ್ಕೆ ತುಂಬಿಕೊಂಡು ಬರುವುದು. ನನಗೂ ತಮ್ಮ ಪ್ರಣವನಿಗೂ ವಾರವಿಡೀ ಅದೇ ಧ್ಯಾನ. ಆದರೆ ಟ್ರೋಲ್‌ಹೆಟ್ಟನ್ನಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಚೀಲ ಹೊಸ್ತಿಲು ದಾಟಿದ ಕೂಡಲೇ ಅಮ್ಮನ ಕೈ ಮುಂದೆ ಬರುತ್ತಿತ್ತು. ಒಬ್ಬೊಬ್ಬರ ಚೀಲದಿಂದ ಆರಾರು ತುಂಡು ಅಡುಗೆಮನೆಯ ಕಪಾಟಿನಲ್ಲಿದ್ದ ದೇವರ ಮುಂದೆ. ದೇವರು ನೋಡಿ ಆದಮೇಲೆ ಅವು ಒಂದು ಸ್ಟೀಲ್ ಡಬ್ಬಿಗೆ. ಎರಡು ವರ್ಷಕ್ಕೊಮ್ಮೆ ಉಡುಪಿಗೆ ಹೋಗುವಾಗ ಆ ಡಬ್ಬಿ ದೊಡ್ಡಮ್ಮನ ಮಕ್ಕಳಿಗೆ. ಕೊಡುತ್ತೀರಾ ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ನಾವೂ ಸುಮ್ಮನೆ ಕೂರುವ ಜಾತಿಯವರಲ್ಲ. ಈ ದೇಶದವರಿಗೆ ಪ್ರಾಣವಾದ, ನಮಗೆ ಮಾತ್ರ ವಾಕರಿಕೆ ತರುವ ಉಪ್ಪುಪ್ಪು ಕರಿ ಮಿಠಾಯಿ ಒಂದಿತ್ತು. ಲೆಕ್ಕಕ್ಕೆ ಸರಿಯಾಗಿ ಅದನ್ನೇ ಆರು ತುಂಡು ತಂದು ದೇವರಿಗೆ ಇಡುತ್ತಿದ್ದೆವು. ಉಡುಪಿಯ ಅಂಗಳದಲ್ಲಿ ದೊಡ್ಡಮ್ಮನ ಮಕ್ಕಳು ಒಬ್ಬರ ಹಿಂದೊಬ್ಬರು ಅದನ್ನು ಥೂ ಎಂದು ಉಗಿದಾಗ ಅಮ್ಮನಿಗೆ ಎಲ್ಲ ತಿಳಿಯಿತು. ಮರಳಿ ಬಂದ ಮೇಲೆ ಆರು ತುಂಡನ್ನು ಅವಳೇ ಆರಿಸಿ ತೆಗೆಯತೊಡಗಿದಳು. ಒಳ್ಳೊಳ್ಳೆಯದನ್ನೇ ತೆಗೆಯುತ್ತಿದ್ದಳು.

ಮನೆ ದೊಡ್ಡದೇನಲ್ಲ. ಒಂದು ಹಾಲ್, ಎರಡು ಕೋಣೆ, ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕಿರುಚಿಕೊಳ್ಳುವ ಅಡುಗೆಮನೆ. ಅಲಾರಂ ಕೆಳಗೆ ಸ್ಟೂಲಿನ ಮೇಲೆ ನಿಂತು ಟವೆಲ್ ಬೀಸುವುದು ಪ್ರಣವನ ಕೆಲಸ. ಅವನಿಗೆ ಆಗ ಏಳು ವರ್ಷ, ನನಗೆ ಹದಿಮೂರು. ಅಪ್ಪ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಮನೆಯ ಯಾವ ಜಗಳ ಅವರವರೆಗೆ ಹೋದರೂ ‘ಅಮ್ಮನ ಹತ್ರ ಕೇಳಿ’ ಎಂಬ ಒಂದೇ ತೀರ್ಪು. ಹಾಗಾಗಿ ರಾಜ್ಯಭಾರವೆಲ್ಲ ಅಮ್ಮನದು. ಅಮ್ಮ ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಹನ್ನೆರಡು ವರ್ಷ ಚರಿತ್ರೆ ಪಾಠ ಮಾಡಿದವಳು. ಊರಿಗೆ ಹೋದರೆ ಬಸ್ಸಿನಲ್ಲಿ ಮೀಸೆ ಬಂದ ಗಂಡಸರು ಎದ್ದು ನಿಂತು ‘ಸುಮತಿ ಟೀಚರ್, ಕೂತ್ಕೊಳ್ಳಿ’ ಎನ್ನುತ್ತಿದ್ದರು. ಇಲ್ಲಿ ಬಂದಮೇಲೆ ಆ ಸರ್ಟಿಫಿಕೇಟುಗಳು ಬೀರುವಿನಲ್ಲಿ ಸೀರೆಯ ಕೆಳಗೆ ಮಲಗಿದವು. ಅವಳು ಸ್ವೀಡಿಷ್ ಕಲಿತು, ದಾಗಿಸ್‌ನಲ್ಲಿ, ಅಂದರೆ ಸಣ್ಣ ಮಕ್ಕಳನ್ನು ಹಗಲು ಬಿಟ್ಟುಹೋಗುವ ಶಾಲೆಯಲ್ಲಿ, ಬದಲಿ ಕೆಲಸಕ್ಕೆ ಸೇರಿದ್ದಳು. ಯಾರಾದರೂ ರಜೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತಿತ್ತು. ಬಾರದ ದಿನ ಕೆಲಸವಿಲ್ಲ. ಆ ಫೋನಿಗಾಗಿ ಅವಳು ಐದೂವರೆಗೇ ಸ್ನಾನ ಮಾಡಿ, ಪ್ಯಾಂಟು ತೊಟ್ಟು, ಸೋಫಾದ ಅಂಚಿನಲ್ಲಿ ಕೂತಿರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಆ ವಸಂತದಲ್ಲಿ ದಾಗಿಸ್‌ನ ಮುಖ್ಯಸ್ಥೆ ಕರೆದು, ಆಗಸ್ಟಿನಿಂದ ನಿನ್ನನ್ನು ಖಾಯಂ ಮಾಡುತ್ತೇವೆ ಎಂದಿದ್ದಳು. ಫೋನ್ ಕಾರ್ಡ್ ಗೀರಿ ಅಮ್ಮ ದೊಡ್ಡಮ್ಮನಿಗೆ ಸುದ್ದಿ ಹೇಳಿದಳು. ‘ಪರ್ಮನೆಂಟ್’ ಎಂಬ ಮಾತನ್ನು ಆ ಕರೆಯಲ್ಲಿ ನಾಲ್ಕು ಸಲ ಹೇಳಿದ್ದನ್ನು ನಾನು ಹಾಲಿನಲ್ಲಿ ಕೂತು ಕೇಳಿಸಿಕೊಂಡಿದ್ದೆ. ಆ ಕೆಲಸ ಅವಳಿಗೆ ಏನೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಅದೇ ಹೊತ್ತಿಗೆ ಶಾಲೆಯಲ್ಲಿ ಅಮೆರಿಕದ ಪಾಠ ಶುರುವಾಯಿತು. ಅಲ್ಲಿ ನೆಲೆಸಿದ ಬ್ರಿಟಿಷ್ ವಲಸಿಗರು ತಮ್ಮದೇ ರಾಜನ ವಿರುದ್ಧ ಬಂದೂಕು ಹಿಡಿಯುವ ತನಕ ಹೇಗೆ ಬಂದರು ಎಂಬುದು. ಪಾಠ ಮಾಡುವವಳು ಆನಿಕಾ. ಟೀಚರನ್ನು ನಾವು ಹೆಸರು ಹಿಡಿದು ಕರೆಯುವುದು ಅಮ್ಮನಿಗೆ ಕೊನೆಯವರೆಗೂ ಜೀರ್ಣವಾಗಲಿಲ್ಲ. ಆನಿಕಾ ಕೊಟ್ಟ ಹಾಳೆಗಳಲ್ಲಿ ತೆರಿಗೆ, ಮುದ್ರೆಕಾಗದ, ಚಹಾ ಎಂದೆಲ್ಲ ಇತ್ತು. ನನಗೆ ತಲೆಬುಡ ಹತ್ತಲಿಲ್ಲ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಮ್ಮನ ಎದುರು ಹೋಗಿ ಕೂತೆ.

“ಅಮ್ಮ, ಇವ್ರು ಚಾಪುಡಿಗೋಸ್ಕರ ಯುದ್ಧ ಮಾಡಿದ್ದಾ?”

“ಎಂತ ಚಾಪುಡಿ ಮಾರಾಯ್ತಿ. ಹೇಳಿದ್ದನ್ನು ಕೇಳ್ಲಿಕ್ಕೆ ಜನ ಇಲ್ಲದ್ದಕ್ಕೆ ಮಾಡಿದ್ದು.”

ಅಮ್ಮ ಕೈ ಒರೆಸಿಕೊಂಡಳು. ಮೇಜಿನ ಆಚೆ ಒಂದು ಆಲೂಗಡ್ಡೆ, ಈಚೆ ಒಂದು, ನಡುವೆ ನೀರಿನ ಲೋಟ ಇಟ್ಟಳು. ಆಚೆಯದು ಇಂಗ್ಲೆಂಡ್, ಈಚೆಯದು ಅಮೆರಿಕ, ಲೋಟ ಸಮುದ್ರ. ಯುದ್ಧ ಮಾಡಿ ಸಾಲ ಮಾಡಿಕೊಂಡ ಆಚೆಯವರು ಈಚೆಯವರ ಮೇಲೆ ತೆರಿಗೆ ಹಾಕಿದರು, ಹಾಕುವ ಸಭೆಯಲ್ಲಿ ಈಚೆಯವರಲ್ಲಿ ಒಬ್ಬನೂ ಇರಲಿಲ್ಲ. ಅವಳ ದನಿ ಬದಲಾಯಿತು, ಬೆನ್ನು ನೆಟ್ಟಗಾಯಿತು. ನನ್ನ ಅಮ್ಮ ಪಾಠ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

“ಮೊದಲ ದಿನವೇ ಯಾರೂ ಬಂದೂಕು ಹಿಡಿಯುದಿಲ್ಲ, ಅನು. ಹತ್ತು ವರ್ಷ ಅರ್ಜಿ ಬರ್ದದ್ದು ಅವ್ರು. ಮಹಾಪ್ರಭು, ನಾವು ನಿಮ್ಮ ಪ್ರಜೆಗಳು, ನಮ್ಮ ಮಾತು ಸ್ವಲ್ಪ ಕೇಳಿ ಅಂತ. ಕೇಳ್ಲಿಲ್ಲ. ಆಮೇಲೆ ಆಚೆಯವ್ರ ಸಾಮಾನು ತಕೊಳ್ಳುದಿಲ್ಲ ಅಂದ್ರು. ಆಮೇಲೆ ಚಾ ಸಮುದ್ರಕ್ಕೆ. ಅದಕ್ಕೆ ಆಚೆಯವ್ರು ಹಡಗಿನ ಬಂದರು ಬಂದ್ ಮಾಡಿದ್ರು. ಒಬ್ರು ಒಂದು ಹೆಜ್ಜೆ ಇಟ್ರೆ ಇನ್ನೊಬ್ರು ಎರಡು ಇಡುದು. ಹಿಂದೆ ಬರ್ಲಿಕ್ಕೆ ಇಬ್ರಿಗೂ ಮರ್ಯಾದೆ ಅಡ್ಡ.”

ಅಷ್ಟು ಚೆನ್ನಾಗಿ ಆನಿಕಾ ಹೇಳಿರಲಿಲ್ಲ. ನನಗೆ ಮಾತ್ರ ಪಾಠದಲ್ಲಿ ಕಂಡದ್ದು ಮಿಠಾಯಿ. ಮರುದಿನವೇ ಬಟ್ಟೆ ಒಗೆಯಲು ಇಡೀ ಬಿಲ್ಡಿಂಗಿಗೆ ಇದ್ದ ನೆಲಮಾಳಿಗೆಯ ಕೋಣೆಯಲ್ಲಿ, ತಿರುಗುವ ಮಿಷನ್ನಿನ ಎದುರು ಪ್ರಣವನನ್ನು ಕೂರಿಸಿ ಸಭೆ ಮಾಡಿದೆ. ಅವನು ಸ್ವೀಡಿಷ್‌ನಲ್ಲಿ ‘ನಾವು ಗೆದ್ದರೆ ಆರು ತುಂಡೂ ನಮಗೇನಾ’ ಎಂದು ಕೇಳಿ ಒಪ್ಪಿಕೊಂಡ. ಅಮ್ಮನ ಮನಸ್ಸು ಕರಗಲಿ ಎಂದು ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ನನ್ನ ಕನ್ನಡ ಬರವಣಿಗೆ ಆಗ ಮೂರನೇ ಕ್ಲಾಸಿನಷ್ಟು. ಅಮ್ಮ ಓದಿದಳು, ನಕ್ಕಳು, ಕೆಂಪು ಪೆನ್ನು ತಂದು ಒಂದೊಂದೇ ಒತ್ತಕ್ಷರ ತಿದ್ದಿ, ಕೆಳಗೆ ಹತ್ತಕ್ಕೆ ಐದು ಎಂದು ಬರೆದು ವಾಪಸು ಕೊಟ್ಟಳು. ಮಿಠಾಯಿಯ ವಿಷಯಕ್ಕೆ ಏನೂ ಹೇಳಲಿಲ್ಲ. ಅದು ಅವಳ ಪ್ರೀತಿ ಎಂದು ಈಗ ಗೊತ್ತು. ಆಗ ನನಗೆ ಮೈಯೆಲ್ಲ ಉರಿಯಿತು.

ಎರಡು ಶನಿವಾರ ನಾವು ಮಿಠಾಯಿಯನ್ನೇ ತರಲಿಲ್ಲ. ಅಮ್ಮ ‘ಒಳ್ಳೇದಾಯ್ತು, ಹಲ್ಲು ಉಳೀತು’ ಎಂದಳು. ಹೀಗೆಂದರೆ ಬಹಿಷ್ಕಾರ ಮಾಡಿ ಏನು ಪ್ರಯೋಜನ? ಮೂರನೇ ಶನಿವಾರ ಅವಳು ಸ್ನಾನಕ್ಕೆ ಹೋದಾಗ ಅವಳ ಚಾಪುಡಿಯ ಪೊಟ್ಟಣ ತೆಗೆದುಕೊಂಡು, ಪ್ರಣವನನ್ನು ಎಳೆದುಕೊಂಡು ಕಾಲುವೆಯ ಸೇತುವೆಗೆ ಹೋದೆ. ಅದು ಊರಿಂದ ತಂದ ಪುಡಿ. ಇಲ್ಲಿನ ಚೀಲದ ಚಹಾ ಅಮ್ಮನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುಂದಿನ ಪೊಟ್ಟಣ ಯಾರಾದರೂ ಊರಿಂದ ಬಂದಾಗಲೇ. ನಾನು ಅದನ್ನು ಪೂರ್ತಿ ನೀರಿಗೆ ಸುರಿದೆ. ಕಂದು ಪುಡಿ ಸ್ವಲ್ಪ ಹೊತ್ತು ತೇಲಿ ಚದುರಿತು. ಪ್ರಣವ ಚಪ್ಪಾಳೆ ತಟ್ಟಿ, ಆಮೇಲೆ ಅಮ್ಮ ಇನ್ನು ಎಂತ ಕುಡಿಯುದು ಎಂದು ಕೇಳಿದ. ಅವನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಮನೆಗೆ ಬಂದು ನಾನೇ ಹೇಳಿದೆ, ಭಾಷಣದ ಧಾಟಿಯಲ್ಲಿ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅಮ್ಮ ಖಾಲಿ ಪೊಟ್ಟಣ ನೋಡಿದಳು, ನನ್ನನ್ನು ನೋಡಿದಳು. ಅವಳ ತುಟಿಯಲ್ಲಿ ನಗುವಿನಂಥದ್ದು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ.

“ನೀನು ಇಲ್ಲಿ ಟೀಚರ್ ಅಲ್ಲ ಅಮ್ಮ. ಮಕ್ಕಳ ಕುಂಡೆ ತೊಳೆಯುವವಳು. ನಮ್ಮ ಮೇಲೆ ಮಾತ್ರ ನಿನ್ನ ದರ್ಬಾರು.”

ಕೆನ್ನೆಗೆ ಒಂದು ಏಟು ಬಿತ್ತು. ಒಂದೇ. ಅಮ್ಮ ನನಗೆ ಹೊಡೆದದ್ದು ಸ್ವೀಡನ್ನಿಗೆ ಬಂದಮೇಲೆ ಅದೇ ಮೊದಲು, ಅದೇ ಕೊನೆ. ಏಟು ತಿಂದ ನನಗಿಂತ ಹೊಡೆದ ಅವಳೇ ಹೆಚ್ಚು ಗಾಬರಿಯಾಗಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಅವಳು ಗಂಭೀರವಾಗಿ, ಮುಂದಿನ ವಾರ ಗೋಥೆನ್‌ಬರ್ಗ್‌ಗೆ ಕ್ಲಾಸಿನವರ ಜೊತೆ, ಉಯ್ಯಾಲೆಗಳ ಪಾರ್ಕು ನೋಡುವ ಪ್ರವಾಸಕ್ಕೆ, ಹೋಗುವುದಕ್ಕಿಲ್ಲ ಎಂದಳು.

“ಚಾ ಚೆಲ್ಲಿದ್ದಕ್ಕೆ ಬಂದರು ಬಂದ್. ಪಾಠದಲ್ಲಿ ಉಂಟಲ್ಲ.”

ಅದರಲ್ಲಿ ಅರ್ಧ ತಮಾಷೆ ಇತ್ತು. ರಾಜಿಗೆ ಕರೆಯುವ ಅಮ್ಮನ ರೀತಿ ಅದು. ನಾನು ನಕ್ಕಿದ್ದರೆ ಪ್ರವಾಸಕ್ಕೂ ಬಿಡುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡೆ.

ಇಡೀ ಕ್ಲಾಸು ಉಯ್ಯಾಲೆ, ರೈಲುಬಂಡಿ ಎಂದು ಕೂಗಾಡಿ ಬಂದ ಮರುದಿನ ಆನಿಕಾ ಬರೆಯುವ ಕೆಲಸ ಕೊಟ್ಟಳು: ವಲಸಿಗರು ರಾಜನ ಮೇಲೆ ದೂರುಗಳ ಪಟ್ಟಿ ಮಾಡಿ ಸ್ವಾತಂತ್ರ್ಯ ಸಾರಿದಂತೆ ನೀವೂ ಒಂದು ಘೋಷಣೆ ಬರೆಯಿರಿ. ಬೇರೆಯವರು ಶಾಲೆಯ ಊಟದ ಮೇಲೆ, ಅಣ್ಣಂದಿರ ಮೇಲೆ, ಚಳಿಗಾಲದ ಮೇಲೆ ಬರೆದರು. ನಾನು ನಮ್ಮ ಅಡುಗೆಮನೆಯ ರಾಣಿಯ ಮೇಲೆ ಹನ್ನೆರಡು ದೂರು ಬರೆದೆ. ಅಮ್ಮ ಇನ್ನೊಂದು ಮಾತೂ ಹೇಳಿಕೊಟ್ಟಿದ್ದಳು. ಆ ಪಟ್ಟಿಯಲ್ಲಿ ರಾಜನ ತಲೆಗೆ ಕಟ್ಟಿದ್ದೆಲ್ಲ ರಾಜನೇ ಮಾಡಿದ್ದಲ್ಲ, ದೂರು ಬರೆಯುವವರು ಒಂದಕ್ಕೆ ನಾಲ್ಕು ಸೇರಿಸುತ್ತಾರೆ, ಓದುವವರು ಜಾಗ್ರತೆಯಾಗಿ ಓದಬೇಕು ಎಂದು. ನಾನು ಆ ಮಾತಿನ ಮೊದಲರ್ಧ ಮಾತ್ರ ಇಟ್ಟುಕೊಂಡೆ. ಏಳು ದೂರು ನಿಜ. ಉಳಿದವು ಬೆಳೆಸಿದ್ದು. ಒಂಬತ್ತನೆಯದು ಹೀಗಿತ್ತು: ಅವಳು ಪ್ರತಿ ವಾರ ನನ್ನನ್ನೂ ನನ್ನ ತಮ್ಮನನ್ನೂ ಸೌಟಿನಿಂದ ಹೊಡೆಯುತ್ತಾಳೆ.

ಈ ದೇಶದಲ್ಲಿ ಮಕ್ಕಳಿಗೆ ಹೊಡೆಯುವುದು ಕಾನೂನಿಗೆ ವಿರುದ್ಧ. ಅದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ನನಗೂ ಗೊತ್ತಿತ್ತು. ಅಂಥ ಮಾತು ಕಿವಿಗೆ ಬಿದ್ದರೆ ಟೀಚರು ಕೊಮ್ಯೂನಿಗೆ, ಅಂದರೆ ಊರಿನ ಆಡಳಿತಕ್ಕೆ, ತಿಳಿಸಲೇಬೇಕು ಎಂಬುದೂ ಗೊತ್ತಿತ್ತು. ಆನಿಕಾ ಒಳ್ಳೆಯ ಹೆಂಗಸು. ಮಧ್ಯಾಹ್ನ ನನ್ನೊಬ್ಬಳನ್ನೇ ಕರೆದು, ಬಾಗಿಲು ಮುಚ್ಚಿ, ಎದುರು ಕೂತು, ಕಾಗದದ ಮೇಲೆ ಬೆರಳಿಟ್ಟು ಮೆತ್ತಗೆ ಕೇಳಿದಳು:

“ಅನು, ಇದು ಕಥೆಯ ಭಾಗವೋ, ನಿಜವೋ? ಯಾವುದಾದರೂ ಪರವಾಗಿಲ್ಲ, ನನಗೆ ಹೇಳು.”

ಅವಳು ಅವಸರ ಮಾಡಲಿಲ್ಲ. ಗೋಡೆಯ ಮೇಲೆ ಹಿಂದಿನ ದಿನದ ಪ್ರವಾಸದ ಫೋಟೋಗಳಿದ್ದವು, ಎಲ್ಲರೂ ಇದ್ದರು, ನಾನಿರಲಿಲ್ಲ. ನನಗೆ ಅಳು ಬಂದಿತ್ತು, ಆದರೆ ಏನು ಹೇಳುತ್ತಿದ್ದೇನೆಂದು ತಿಳಿಯದಷ್ಟು ಅಳುವಲ್ಲ. ಅಮ್ಮ ಬೆಳಿಗ್ಗೆ ಸೋಫಾದ ಅಂಚಿನಲ್ಲಿ ಕೂತದ್ದು ಕಣ್ಣೆದುರು ಬಂದು ಹೋಯಿತು. ಆದರೂ ‘ನಿಜ’ ಎಂದೆ.

ಎರಡು ವಾರದೊಳಗೆ ಕೊಮ್ಯೂನಿನಿಂದ ಇಬ್ಬರು ಹೆಂಗಸರು ಮನೆಗೆ ಬಂದರು. ಅಮ್ಮ ಕಾಫಿ ಮಾಡಿ, ಮೊದಲೇ ಕರಿದಿಟ್ಟ ಚಕ್ಕುಲಿಯನ್ನು ಒಳ್ಳೆಯ ತಟ್ಟೆಯಲ್ಲಿ ಇಟ್ಟಳು. ಅವರು ಬೂಟು ಬಿಚ್ಚಿ ಒಳಗೆ ಬಂದರು, ಮರ್ಯಾದೆಯಿಂದ ಮಾತಾಡಿದರು, ಮನೆ ನೋಡಿದರು, ನಮ್ಮ ಮಂಚ ನೋಡಿದರು. ಸೌಟುಗಳು ಗೋಡೆಯ ಕೊಕ್ಕೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಒಬ್ಬಳ ಕಣ್ಣು ಅಲ್ಲಿಗೆ ಹೋಗಿ ಬಂದದ್ದನ್ನು ಅಮ್ಮ ನೋಡಿದಳು, ಅಮ್ಮ ನೋಡಿದ್ದನ್ನು ನಾನು ನೋಡಿದೆ. ನಮ್ಮಿಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಮಾತಾಡಿಸಿದರು. ನಾನು ಏಟು ಬಿದ್ದದ್ದು ಹೌದು ಎಂದೆ. ಪ್ರತಿ ವಾರವೋ ಎಂದು ಕೇಳಿದಾಗ ತಲೆ ತಗ್ಗಿಸಿ ಕೂತೆ. ಅವರು ಅದನ್ನೇ ಉತ್ತರವೆಂದುಕೊಂಡರು. ಅಪ್ಪ ಅವತ್ತು ರಜೆ ಹಾಕಿ ಬಂದಿದ್ದರು. ಹೆಂಗಸರು ಹೋದಮೇಲೆ ಅವರು ಮೊದಲ ಸಲ ನನ್ನ ಮೇಲೆ ದನಿ ಎತ್ತಿದರು.

“ಎಂತ ಹೇಳಿ ಬಂದದ್ದು ನೀನು ಶಾಲೆಯಲ್ಲಿ? ಒಂದು ಮಾತು ಹೇಳುವಾಗ ಮನೆಯ ನೆನಪಾಗ್ಲಿಲ್ವಾ?”

“ಬಿಡಿ, ಅವಳನ್ನು ಬಯ್ಬೇಡಿ,” ಎಂದಳು ಅಮ್ಮ, ಕಾಫಿಯ ಕಪ್ಪುಗಳನ್ನು ತೊಳೆಯುತ್ತಲೇ. “ಹೊಡ್ದದ್ದು ಹೌದು ನಾನು.”

ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಆ ದಿನ ಕೇಳಲಿಲ್ಲ, ಮರುದಿನ ಕೇಳಲಿಲ್ಲ. ಕೇಳಿದ್ದರೆ ಅಳುತ್ತಿದ್ದೆ, ಬಾಯಿಬಿಡುತ್ತಿದ್ದೆ ಎಂದು ಈಗ ಅಂದುಕೊಳ್ಳುತ್ತೇನೆ. ಅದೂ ಅವಳ ಮೇಲೇ ಹೊರಿಸುವ ಇನ್ನೊಂದು ದೂರು. ನಾನಾಗಿ ಹೋಗಿ ಹೇಳಬಹುದಿತ್ತು. ಅಡುಗೆಮನೆ ನನ್ನ ಕೋಣೆಯಿಂದ ಹತ್ತು ಹೆಜ್ಜೆ.

ವಿಚಾರಣೆ ಮುಗಿಯುವ ತನಕ ಮಕ್ಕಳ ಜೊತೆ ಕೆಲಸ ಮಾಡುವ ಹಾಗಿಲ್ಲ ಎಂದು ದಾಗಿಸ್‌ನವರು ತಿಳಿಸಿದರು. ದಾಗಿಸೂ ಕೊಮ್ಯೂನಿನದೇ. ಅವರದೇನೂ ತಪ್ಪಿಲ್ಲ, ನಿಯಮ ಹಾಗೆ. ಬೆಳಿಗ್ಗೆ ಆರರ ಫೋನು ನಿಂತಿತು. ಆದರೂ ಎಷ್ಟೋ ದಿನ ಅಮ್ಮ ಐದೂವರೆಗೇ ಎದ್ದು ಸ್ನಾನ ಮಾಡುತ್ತಿದ್ದಳು. ಆಗಸ್ಟಿನಲ್ಲಿ ಆ ಜಾಗಕ್ಕೆ ಬೇರೆಯವರು ಬಂದರು. ದೊಡ್ಡಮ್ಮನಿಗೆ ಅಮ್ಮ ಫೋನಿನಲ್ಲಿ ಏನು ಹೇಳಿದಳೋ, ಬಾಗಿಲು ಮುಚ್ಚಿಕೊಂಡಿದ್ದಳು. ಚಳಿಗಾಲದ ಹೊತ್ತಿಗೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಮಿಷನ್ನಿಗೆ ತಟ್ಟೆ ಜೋಡಿಸುವ ಕೆಲಸಕ್ಕೆ ಸೇರಿದಳು, ಅಲ್ಲೇ ಖಾಯಂ ಆದಳು. ಆ ಮಾತನ್ನು ಅವಳು ಯಾರಿಗೂ ಫೋನ್ ಮಾಡಿ ಹೇಳಿದ್ದು ನಾನು ಕೇಳಲಿಲ್ಲ. ಆ ವರ್ಷ ಮಂಗಳವಾರ ಸಂಜೆಗಳಲ್ಲಿ ‘ಕೋರ್ಸ್ ಉಂಟು’ ಎಂದು ಹೊರಡುತ್ತಿದ್ದಳು. ಸ್ವೀಡಿಷ್ ಕ್ಲಾಸು ಎಂದುಕೊಂಡಿದ್ದೆ. ಇನ್ನೊಂದು ವಿಷಯ ಮೆಲ್ಲಗೆ ತಿಳಿಯಿತು: ಅಮ್ಮ ನಮ್ಮನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚುವುದಿಲ್ಲ, ಜ್ವರ ಬಂದರೆ ಹಣೆಗೆ ಕೈ ಇಡುವುದಿಲ್ಲ, ಥರ್ಮಾಮೀಟರ್ ಕೊಡುತ್ತಾಳೆ. ಮಿಠಾಯಿ ಕೇಳುವುದನ್ನೂ ಬಿಟ್ಟಳು. ಹನ್ನೆರಡೂ ತುಂಡು ನಮ್ಮ ಚೀಲದಲ್ಲೇ ಉಳಿದವು. ಪ್ರಣವ ಒಂದು ಶನಿವಾರ ತಾನಾಗಿಯೇ ಆರು ತುಂಡು ದೇವರ ಮುಂದೆ ಇಟ್ಟು ಬಂದ. ಅಮ್ಮ ಅದನ್ನು ಸಂಜೆ ಅವನಿಗೇ ವಾಪಸು ಕೊಟ್ಟಳು. ನಾವು ಗೆದ್ದದ್ದು ಹೀಗೆ.

ಆಮೇಲೆ ನಾನು ದೊಡ್ಡವಳಾದೆ, ಓದಿದೆ, ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸಕ್ಕೆ ಸೇರಿದೆ. ನನಗೂ ಮಗಳು ಹುಟ್ಟಿದಳು. ಅವಳನ್ನು ದಾಗಿಸ್‌ಗೆ ಬಿಟ್ಟು ಬಂದ ಮೊದಲ ದಿನ, ಅವಳ ಜಾಕೆಟ್ಟಿನ ಗುಂಡಿ ಹಾಕಿದ ಹೆಂಗಸಿನ ಕೈ ನೋಡಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಈ ದೇಶದಲ್ಲಿ ನಮ್ಮ ಬಗ್ಗೆ ಕೊಮ್ಯೂನು ಬರೆದಿಟ್ಟ ಕಾಗದವನ್ನು ನಾವು ಕೇಳಿ ಪಡೆಯಬಹುದು. ಎಷ್ಟೋ ವರ್ಷ ಕೇಳುವ ಧೈರ್ಯ ಮಾಡಿರಲಿಲ್ಲ. ಆ ವಾರ ಕೇಳಿದೆ. ಬಂದ ಲಕೋಟೆಯಲ್ಲಿ ಹದಿನಾಲ್ಕು ಹಾಳೆಗಳಿದ್ದವು. ಪ್ರಣವನ ಮಾತು ಇತ್ತು: ಅಮ್ಮ ನನಗೆ ಯಾವತ್ತೂ ಹೊಡೆದಿಲ್ಲ, ಅಕ್ಕನಿಗೆ ಒಂದು ಸಲ, ಅಕ್ಕ ಚಹಾ ಚೆಲ್ಲಿ ಕೆಟ್ಟ ಮಾತು ಹೇಳಿದ್ದಕ್ಕೆ. ಅದರ ಕೆಳಗೆ ವಿಚಾರಣೆ ಮಾಡಿದವರು, ಇಬ್ಬರು ಮಕ್ಕಳ ಮಾತು ಹೊಂದುವುದಿಲ್ಲ, ತಾಯಿಯ ಹೇಳಿಕೆಯ ಮೇಲೆ ತೀರ್ಮಾನ ಎಂದು ಬರೆದಿದ್ದರು. ಮುಂದಿನ ಹಾಳೆಯಲ್ಲಿ ತಾಯಿಯ ಹೇಳಿಕೆ. ಮಗಳು ಬರೆದದ್ದೆಲ್ಲ ಸರಿ ಎಂದು ತಾಯಿ ಹೇಳುತ್ತಾಳೆ. ಪ್ರತಿ ವಾರವೇ ಎಂದು ಎರಡು ಸಲ ಕೇಳಲಾಯಿತು. ಎರಡು ಸಲವೂ ಹೌದು ಎನ್ನುತ್ತಾಳೆ. ಮಗನಿಗೆ ಭಯವಿರಬಹುದು, ಮಗಳು ಸುಳ್ಳು ಹೇಳುವವಳಲ್ಲ ಎನ್ನುತ್ತಾಳೆ. ಮಂಗಳವಾರ ಸಂಜೆ ತಂದೆತಾಯಿಯರಿಗೆ ನಡೆಸುವ ತರಗತಿಗೆ ಹಾಜರಾಗಲು ಒಪ್ಪಿದ್ದಾಳೆ.

ಹನ್ನೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ಸುಮತಿ ಟೀಚರ್ ಒಂದು ವರ್ಷ ಬೆಂಚಿನ ಮೇಲೆ ಕೂತು, ಮಕ್ಕಳನ್ನು ಹೊಡೆಯಬಾರದು ಎಂದು ಕಲಿತು ಬಂದಿದ್ದಳು. ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು.

ಭಾನುವಾರ ಟ್ರೋಲ್‌ಹೆಟ್ಟನ್ನಿಗೆ ಹೋದೆ. ಅಮ್ಮ ಸೋಫಾದಲ್ಲಿ ಕೂತು ಮೊಮ್ಮಗಳ ಸ್ವೆಟರಿಗೆ ಗುಂಡಿ ಹೊಲಿಯುತ್ತಿದ್ದಳು. ಹಾಳೆಗಳನ್ನು ಅವಳ ಎದುರು ಇಟ್ಟೆ. ಅವಳು ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಯಾಕಮ್ಮ ಹೀಗೆ ಹೇಳಿದ್ದು? ನಾನು ಸುಳ್ಳು ಬರ್ದದ್ದು ಅಂತ ನಿಂಗೆ ಗೊತ್ತಿತ್ತಲ್ಲ.”

“ಗೊತ್ತಿಲ್ದೆ ಎಂತ.”

“ಮತ್ತೆ?”

“ನಾನು ಅಲ್ಲ ಅಂದ್ರೆ ಅವ್ರು ಎಂತ ಬರೀತಿದ್ರು ಹೇಳು. ಈ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಬರೀತಿದ್ರು. ಅದು ಇಲ್ಲಿಯ ಕಾಗದದಲ್ಲಿ ಕೂತ್ರೆ ಏಳುದಿಲ್ಲ, ಅನು. ನಿಂಗೆ ಹದಿಮೂರು ವರ್ಷ. ನಾಳೆ ನಿಜವಾಗಿ ಯಾರಾದ್ರೂ ನಿಂಗೆ ಎಂತಾದ್ರೂ ಮಾಡಿ, ನೀನು ಹೋಗಿ ಹೇಳಿದ್ರೆ, ಆಗ ನಿನ್ನನ್ನು ಯಾರು ನಂಬ್ತಿದ್ರು?”

ಎಷ್ಟೋ ವರ್ಷಗಳ ಮೇಲೆ ನಾನು ತಪ್ಪಾಯ್ತಮ್ಮ ಎಂದೆ. ಹೋಗ್ಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟಳು.

“ಹೌದು ಮಗಾ,” ಎಂದಳು. “ತಪ್ಪೇ ಅದು.”